ಓನರ್ ಅಡ್ವಾನ್ಸ್ ಕೊಡ್ತಿಲ್ಲ, ಅಗ್ರಿಮೆಂಟ್ ರೂಮ್‌ಮೇಟ್ ಹೆಸರಲ್ಲಿದೆ. ವಿದ್ಯಾರ್ಥಿಗಳಿಗೆ ಉಚಿತ ಕಾನೂನು ಸಹಾಯ ಸಿಗುತ್ತಾ?

ಸಾಗರದ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಎಂಕಾಂ ಎರಡನೇ ವರ್ಷ ಓದುತ್ತಿದ್ದೇನೆ. ವಿಜಯನಗರದ ಕಡೆ ಒಂದು ಬೆಡ್‌ರೂಮಿನ ಮನೆಯಲ್ಲಿ ನಾನು ಮತ್ತು ನನ್ನ ಸೀನಿಯರ್ ಒಬ್ಬಳು ಇದ್ದೆವು. ಬಾಡಿಗೆ 15,000, ಅಡ್ವಾನ್ಸ್ 90,000. ಅರ್ಧ ಅವಳದ್ದು, ಅರ್ಧ ನಮ್ಮಪ್ಪ ಓನರ್ ಖಾತೆಗೇ ನೇರವಾಗಿ ಹಾಕಿದ್ದು. ಅಗ್ರಿಮೆಂಟ್ ಮಾತ್ರ ಅವಳೊಬ್ಬಳ ಹೆಸರಲ್ಲಿದೆ.

ಅವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಒಬ್ಬಳೇ ಬಾಡಿಗೆ ಕಟ್ಟಲು ನನ್ನ ಕೈಲಾಗಲ್ಲ. ಒಂದು ತಿಂಗಳು ಮುಂಚೆ ಹೇಳಿ ಖಾಲಿ ಮಾಡಿ ಪಿಜಿಗೆ ಬಂದೆ. ಕೀ ಕೊಟ್ಟ ದಿನ ಓನರ್ ನಗುನಗುತ್ತಲೇ ಮಾತಾಡಿದರು. ಆಮೇಲೆ ವಾಟ್ಸಾಪ್‌ನಲ್ಲಿ ಹೀಗೆ ಬಂತು: ಪೇಂಟಿಂಗ್ 15,000, ಎರಡು ತಿಂಗಳ ನೋಟಿಸ್ ಕೊಡದ್ದಕ್ಕೆ 15,000, ಗೀಸರ್ ಹಾಳಾಗಿದ್ದಕ್ಕೆ 7,000. ಉಳಿದ 53,000 'ಹೊಸಬರು ಬಂದ ಮೇಲೆ ಕೊಡ್ತೀನಿ'.

ಈಗ ಫೋನ್ ಎತ್ತುತ್ತಿಲ್ಲ. ಮೊನ್ನೆ ಆ ಬೀದಿಯಲ್ಲಿ ಹೋಗುವಾಗ ನೋಡಿದೆ, ನಮ್ಮ ಬಾಲ್ಕನಿಯಲ್ಲಿ ಬೇರೆ ಯಾರದ್ದೋ ಬಟ್ಟೆ ಒಣಗುತ್ತಿದೆ!

ವಕೀಲರಿಗೆ ಫೀಸು ಕೊಡುವಷ್ಟು ದುಡ್ಡು ಇಲ್ಲ. ಉಚಿತ ಕಾನೂನು ಸಹಾಯ ಅಂತ ಬೋರ್ಡ್ ನೋಡಿದ್ದೇನೆ, ಆದರೆ ಅದು ತೀರಾ ಬಡವರಿಗೆ ಮಾತ್ರ ಇರಬೇಕು ಅಲ್ವಾ? ನಮಗೆ ಒಂದೆಕರೆ ಅಡಿಕೆ ತೋಟ ಇದೆ. ಪಿಜಿ ಅಡ್ವಾನ್ಸ್‌ಗೆ ಫ್ರೆಂಡ್ ಹತ್ತಿರ ಸಾಲ ಮಾಡಿದ್ದೇನೆ. ಪರೀಕ್ಷೆ ಫೀಸು ಬೇರೆ ಹತ್ತಿರ ಬಂತು. ಕ್ಲಾಸಿನವರು ಯಾವುದೋ ಲೋನ್ ಆ್ಯಪ್ ಹಾಕಿಕೋ ಅಂತಿದ್ದಾರೆ. ಗೊತ್ತಿದ್ದವರು ದಾರಿ ಹೇಳಿ.

ಡೈರೆಕ್ಟ್ ಮಾತು:

ಕೊನೇ ಆರು ತಿಂಗಳು ಬಾಡಿಗೆ ಕಟ್ಟದೆ ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ ಅನ್ನಬೇಕಿತ್ತು. ಈಗ ಸ್ಟೇಷನ್‌ಗೆ ಹೋಗಿ ಒಂದು ಕಂಪ್ಲೇಂಟ್ ಹಾಕಿ. ಪೊಲೀಸರು ಒಂದು ಫೋನ್ ಮಾಡಿದರೆ ಮರುದಿನವೇ ದುಡ್ಡು ಬರುತ್ತೆ. ಇಲ್ಲ ಅಂದ್ರೆ ರೆಂಟ್ ಕಂಟ್ರೋಲ್ ಕೋರ್ಟ್ ಇದ್ದೇ ಇದೆ.

ಟೈಪಿಂಗ್ ಅಕ್ಕ:

ತಂಗಿ, ನಾನು ವಕೀಲೆ ಅಲ್ಲ. ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುವವಳು. ಈ ಅಡ್ವಾನ್ಸ್ ಜಗಳದ ನೋಟಿಸುಗಳನ್ನು ಹೊಡೆದು ಹೊಡೆದು ನನಗೆ ಓನರ್‌ಗಳ ನೆಪಗಳೆಲ್ಲ ಬಾಯಿಪಾಠ ಆಗಿವೆ. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನಕ್ಕೆ ಓದಿ.

ಉಚಿತ ಕಾನೂನು ಸಹಾಯ ನಿಮಗೆ ಸಿಗುತ್ತದೆ. ನೀವು ಹೆಣ್ಣುಮಗಳು, ಅಷ್ಟು ಸಾಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಇದೆ. ಆದಾಯದ ಮಿತಿ ಬರುವುದು ಈ ಪಟ್ಟಿಯಲ್ಲಿ ಇಲ್ಲದವರಿಗೆ. ನಿಮ್ಮ ಅಡಿಕೆ ತೋಟದ ಬಗ್ಗೆ ಅಲ್ಲಿ ಯಾರೂ ಕೇಳಲ್ಲ. ಇದು ಗೊತ್ತಿಲ್ಲದೆ ಎಷ್ಟು ಹುಡುಗಿಯರು ಸುಮ್ನೆ ದುಡ್ಡು ಬಿಟ್ಟು ಹೋಗುತ್ತಾರೋ!

ಎಲ್ಲಿಗೆ ಹೋಗಬೇಕು ಅಂದರೆ, ಬೆಂಗಳೂರು ನಗರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ ಇದೆ. ಬೇರೆ ಊರಿನವರು ಓದುತ್ತಿದ್ದರೆ ನಿಮ್ಮ ಜಿಲ್ಲಾ ಕೋರ್ಟ್ ಆವರಣದಲ್ಲಿ ವಿಚಾರಿಸಿ, ತಾಲ್ಲೂಕು ಕೋರ್ಟುಗಳಲ್ಲೂ ಸಮಿತಿ ಇರುತ್ತದೆ. ಮೊದಲು ಫೋನಿನಲ್ಲೇ ಕೇಳಬೇಕು ಅನ್ನಿಸಿದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಮಾಡಿ. ಹತ್ತಿರದಲ್ಲಿ ಲಾ ಕಾಲೇಜು ಇದ್ದರೆ ಅಲ್ಲೂ ಕಾನೂನು ನೆರವು ಕೇಂದ್ರ ಇರುತ್ತದೆ. ಅಲ್ಲಿ ಹುಡುಗರೇ ಕೂತು ಅರ್ಜಿ ಬರೆದುಕೊಡುತ್ತಾರೆ, ಮೇಷ್ಟ್ರು ನೋಡುತ್ತಾರೆ. ಕೆಲವು ಕಡೆ ಚೆನ್ನಾಗಿ ನಡೆಸುತ್ತಾರೆ, ಕೆಲವು ಕಡೆ ಬೋರ್ಡ್ ಮಾತ್ರ.

ಮೇಲೆ ಒಬ್ಬರು ಪೊಲೀಸ್ ಅಂದರು. ಅಡ್ವಾನ್ಸ್ ಬಾಕಿ ಅಂತ ಹೋದರೆ 'ಇದು ಸಿವಿಲ್ ಮ್ಯಾಟರ್ ಕಣಮ್ಮ' ಅಂತ ವಾಪಸ್ ಕಳಿಸುತ್ತಾರೆ, ಅದು ಸರಿಯೂ ಹೌದು. ನೀವು ಒಳಗಿರುವಾಗಲೇ ಬೀಗ ಹಾಕಿದ, ಸಾಮಾನು ಅಥವಾ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡ, ಬೆದರಿಸಿದ ಅಂದರೆ ಮಾತು ಬೇರೆ. ಆಗ 112. ರೆಂಟ್ ಕಂಟ್ರೋಲ್ ಅಂದದ್ದೂ ನಿಮಗೆ ಆಗಿಬರಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500ಕ್ಕಿಂತ ಜಾಸ್ತಿ ಇರುವ ಮನೆಗೆ ಅನ್ವಯಿಸುವುದಿಲ್ಲ. ಈ ಕಾಲದಲ್ಲಿ ಆ ಬಾಡಿಗೆಗೆ ಏನು ಸಿಗುತ್ತೆ ಹೇಳಿ? ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೊಗೊಳ್ಳಂಗಿಲ್ಲ ಅಂತಲೂ ಯಾರಾದರೂ ಹೇಳಬಹುದು. ಅದು 2021ರಲ್ಲಿ ಕೇಂದ್ರ ಮಾಡಿದ ಮಾದರಿ ಬಾಡಿಗೆ ಕಾಯ್ದೆ. ಮಾದರಿ ಅಷ್ಟೇ, ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ನಿಮ್ಮ ವಿಷಯಕ್ಕೆ ಬರುವುದು ನಿಮ್ಮ ಅಗ್ರಿಮೆಂಟ್ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅಷ್ಟು ಹಳೆಯದಾ ಅಂತ ನಗಬೇಡಿ, ದಿನಾ ಅದರಲ್ಲೇ ಅನ್ನ ತಿನ್ನುತ್ತಿದ್ದೇವೆ.

ಈಗ ನಿಮ್ಮ ಲೆಕ್ಕ. ಪೂರ್ತಿ 90,000ಕ್ಕೆ ಜಗಳ ಶುರು ಮಾಡಬೇಡಿ. ಅವರೇ ಬರೆದಿದ್ದಾರಲ್ಲ, 53,000 ಕೊಡ್ತೀನಿ ಅಂತ? ಆ ಮೆಸೇಜು ಚಿನ್ನ. ಸಾಲ ಒಪ್ಪಿಕೊಂಡ ಹಾಗೆ ಅದು. ನಂಬರ್, ತಾರೀಖು ಎರಡೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫೋನಿನಿಂದ ಆ ಚಾಟ್ ಅಳಿಸಬೇಡಿ, ಫೋನ್ ಬದಲಾಯಿಸಿದರೂ ಹಳೆಯದನ್ನು ಮಾರಬೇಡಿ. ಅಪ್ಪ ಅಡ್ವಾನ್ಸ್ ಹಾಕಿದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಗರದ ಬ್ರಾಂಚಿನಲ್ಲೇ ಸೀಲ್ ಹಾಕಿಸಿ ತರಿಸಿಕೊಳ್ಳಿ. ಈ 53,000 ಒಂದು ಕಡೆ. ಉಳಿದ 37,000 ಇನ್ನೊಂದು ಕಡೆ, ಅದರಲ್ಲಿ ಮೂರು ತುಂಡು ಇದೆ.

ಪೇಂಟಿಂಗ್: ಅಗ್ರಿಮೆಂಟಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಬರೆದು ಸಹಿ ಆಗಿದ್ದರೆ ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ಬರೆದಿಲ್ಲ ಅಂದರೆ ಕೇಳಿ.

ಗೀಸರ್: ಇಲ್ಲಿ ನೀವು ಗಟ್ಟಿ ನಿಲ್ಲಿ. ಮಾಮೂಲಿ ಬಳಕೆಯಲ್ಲಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ, ಆ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲೇ ಇದೆ. ನಿಮ್ಮದು ಬೋರ್‌ವೆಲ್ ನೀರಾ? ಹಾಗಿದ್ದರೆ ಆ ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ಉಪ್ಪು ಕಟ್ಟಿರುತ್ತದೆ, ಮುಟ್ಟಿದರೆ ಚಕ್ಕೆ ಚಕ್ಕೆ ಉದುರುತ್ತದೆ. ನೀವು ಸುತ್ತಿಗೆ ತೊಗೊಂಡು ಹೊಡೆದಿದ್ದಲ್ಲ ತಾನೇ? ರಿಪೇರಿ ಬಿಲ್ ಕೇಳಿ. ಗೀಸರ್ ಯಾವ ವರ್ಷದ್ದು ಅಂತಲೂ ಕೇಳಿ. ಕಾಯಿಲ್ ಬದಲಾಯಿಸಿ ಹೊಸ ಗೀಸರ್ ದುಡ್ಡು ಹಿಡಿಯುವುದು ಬಹಳ ಸಾಮಾನ್ಯ.

ನೋಟಿಸ್: ಎರಡು ತಿಂಗಳು ಅಂತ ಅಗ್ರಿಮೆಂಟಿನಲ್ಲಿದ್ದು ಒಂದೇ ತಿಂಗಳು ಮುಂಚೆ ಹೇಳಿದ್ದರೆ ಅವರ ಮಾತಿಗೆ ಬಲ ಇದೆ. ಆದರೆ ಮನೆ ಒಂದು ದಿನವೂ ಖಾಲಿ ಬಿದ್ದಿಲ್ಲ, ಹೊಸಬರಿಂದಲೂ ಅದೇ ತಿಂಗಳ ಬಾಡಿಗೆ ಬಂತು ಅಂದರೆ ಅವರಿಗೆ ಆದ ನಷ್ಟ ಏನು ಅಂತ ನಮ್ಮ ಕಡೆಯವರು ಕೇಳೇ ಕೇಳುತ್ತಾರೆ. ಬಾಲ್ಕನಿಯ ಬಟ್ಟೆ ನೋಡಿದ ತಾರೀಖು ಬರೆದಿಟ್ಟುಕೊಳ್ಳಿ.

ಮೊದಲ ಕೆಲಸ ಒಂದು ಪತ್ರ. ವಕೀಲರೇ ಕಳಿಸಬೇಕು ಅಂತಿಲ್ಲ. ಬೈಯಬೇಡಿ, ಕಣ್ಣೀರೂ ಬೇಡ. ಹೀಗೆ ಸಾಕು:

'ಇಂಥ ವಿಳಾಸದ ಮನೆಯಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಬಾಡಿಗೆಗೆ ಇದ್ದೆವು. ಅಡ್ವಾನ್ಸ್ 90,000 ರೂಪಾಯಿ ಬ್ಯಾಂಕ್ ಮೂಲಕ ಕೊಟ್ಟಿದ್ದೇವೆ. ಇಂಥ ದಿನ ಕೀ ಒಪ್ಪಿಸಿದ್ದೇವೆ. ತಾವು ಇಂಥ ದಿನದ ವಾಟ್ಸಾಪ್ ಸಂದೇಶದಲ್ಲಿ 53,000 ರೂಪಾಯಿ ಕೊಡಬೇಕಾಗಿದೆ ಎಂದು ಒಪ್ಪಿದ್ದೀರಿ. ಈ ಪತ್ರ ತಲುಪಿದ 15 ದಿನಗಳೊಳಗೆ ಆ ಹಣವನ್ನು ಕೆಳಗಿನ ಖಾತೆಗೆ ಹಾಕಿ. ಕಡಿತ ಮಾಡಿದ 37,000 ರೂಪಾಯಿಗೆ ಬಿಲ್ಲುಗಳನ್ನು ಕೊಡಿ. ಆ ಕಡಿತವನ್ನು ನಾವು ಒಪ್ಪಿಲ್ಲ.'

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಅಂಟಿಸಿಟ್ಟುಕೊಳ್ಳಿ. ಅದೇ ಪತ್ರದ ಫೋಟೋ ವಾಟ್ಸಾಪ್‌ಗೂ ಹಾಕಿ. ಬಹಳಷ್ಟು ಓನರ್‌ಗಳು ಇಷ್ಟಕ್ಕೇ ಫೋನ್ ಮಾಡುತ್ತಾರೆ.

ಮಾಡಲಿಲ್ಲ ಅಂದರೆ ಅದೇ ಪತ್ರ, ರಸೀದಿ, ಅಗ್ರಿಮೆಂಟ್ ಜೆರಾಕ್ಸ್ ಹಿಡಿದು ನ್ಯಾಯ ದೇಗುಲಕ್ಕೆ ಹೋಗಿ. ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ಗೆ ಇಡಿ ಅಂತ ಅರ್ಜಿ ಕೊಡಬಹುದು. ಕೋರ್ಟ್ ಫೀ ಇಲ್ಲ. ಅವರು ಓನರ್‌ಗೆ ನೋಟಿಸ್ ಕಳಿಸಿ ಕರೆಸುತ್ತಾರೆ. ಸರ್ಕಾರಿ ಸೀಲಿನ ಕಾಗದ ಮನೆಗೆ ಬಂದಾಗ ಮನುಷ್ಯ ಬೇರೆಯೇ ಆಗುತ್ತಾನೆ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಅದು ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆದರೆ ಅವರು ಬರಲೇ ಇಲ್ಲ, ಅಥವಾ ಒಪ್ಪಲಿಲ್ಲ ಅಂದರೆ ಅದಾಲತ್ ಬಲವಂತ ಮಾಡೋಕಾಗಲ್ಲ. ಆಗ ದಾವೆ ಹಾಕಬೇಕು, ಅದಕ್ಕೂ ಪ್ರಾಧಿಕಾರವೇ ವಕೀಲರನ್ನು ಕೊಡುತ್ತದೆ. ದುಡ್ಡಿನ ದಾವೆಗೆ ಮೂರು ವರ್ಷ ಗಡುವು ಇದೆ, ಹಾಗಂತ ಮಲಗಿಬಿಡಬೇಡಿ.

ಅಗ್ರಿಮೆಂಟ್ ಅವಳ ಹೆಸರಲ್ಲಿದೆ ಅಂದಿರಿ. ಹಾಗಾದರೆ ಪತ್ರ ಅವಳ ಹೆಸರಿನಿಂದಲೇ ಹೋಗಲಿ, ಕೆಳಗೆ ನಿಮ್ಮ ಸಹಿಯೂ ಇರಲಿ. ಅರ್ಜಿಯೂ ಇಬ್ಬರದ್ದು. ಅವಳೂ ಹೆಣ್ಣುಮಗಳೇ, ಅವಳಿಗೂ ಸಹಾಯ ಉಚಿತ. ನೀವು ಒಬ್ಬರೇ ಓಡಾಡಲು ಅವಳಿಂದ ಒಂದು ಅಧಿಕಾರ ಪತ್ರ ತರಿಸಿಕೊಳ್ಳಿ. ಸಹಿ ಹಾಕುವ ದಿನ ಅವಳೇ ಬರಬೇಕಾ, ಜಿಪಿಎ (ಅವಳ ಪರವಾಗಿ ಸಹಿ ಹಾಕಲು ಕೊಡುವ ಪವರ್ ಆಫ್ ಅಟಾರ್ನಿ) ಸಾಕಾ ಅಂತ ಅರ್ಜಿ ಕೊಡುವಾಗಲೇ ಕೇಳಿಬಿಡಿ.

ನಾನೂ ಒಬ್ಬ ಓನರ್:

ಬೈಗುಳ ತಿನ್ನಲು ತಯಾರಾಗಿಯೇ ಬರೆಯುತ್ತಿದ್ದೇನೆ. ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ನಿಜ ಏನು ಗೊತ್ತಾ? ಅಡ್ವಾನ್ಸ್ ಬಂದ ದಿನವೇ ಖರ್ಚಾಗಿರುತ್ತದೆ. ಮಗಳ ಕಾಲೇಜು ಸೀಟು, ಮೇಲಿನ ಮಹಡಿಯ ಸೆಂಟ್ರಿಂಗು, ಇನ್ಯಾವುದೋ ಸಾಲ. ಹೊಸಬರು ಕೊಟ್ಟಿದ್ದನ್ನು ಹಳಬರಿಗೆ ಕೊಡೋದು, ಇದೇ ನಡೆದುಕೊಂಡು ಬಂದಿದೆ. ಹೊಸಬರು ಬಂದು ಸೇರಿದ ಮೇಲೂ ಕೊಡುತ್ತಿಲ್ಲ ಅಂದರೆ ಅವರಿಂದ ಕಮ್ಮಿ ಅಡ್ವಾನ್ಸ್ ಬಂದಿರಬಹುದು. ಅದು ನಿಮ್ಮ ತಲೆನೋವಲ್ಲ, ಬಿಡಿ. ಆದರೆ ಮಾತುಕತೆಗೆ ಕೂತಾಗ ಎರಡು ಕಂತಿಗೆ ಒಪ್ಪುವ ಮನಸ್ಸಿಟ್ಟುಕೊಂಡರೆ ದುಡ್ಡು ಬೇಗ ಬರುತ್ತೆ. ಪೋಸ್ಟ್ ಡೇಟೆಡ್ ಚೆಕ್ ಕೇಳಿ.

'ಡೈರೆಕ್ಟ್ ಮಾತು' ಅವರಿಗೆ: ಆರು ತಿಂಗಳು ಬಾಡಿಗೆ ಕಟ್ಟದೆ ಕೂರುವ ಹುಡುಗರಿಂದಲೇ ನಮ್ಮಂಥವರು ಹೆದರಿ ಜಾಸ್ತಿ ಅಡ್ವಾನ್ಸ್ ಕೇಳೋದು. ಓನರ್ ಒಪ್ಪಿ ಬರೆದುಕೊಟ್ಟರೆ ಮುರ್ಕೊಳ್ಳಿ, ಇಲ್ಲದಿದ್ದರೆ ಅದು ಬಾಡಿಗೆ ಬಾಕಿಯೇ.

ಸಾಗರದ ಹುಡುಗಿ:

ಅಕ್ಕಾ, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ಅಗ್ರಿಮೆಂಟ್ ತೆಗೆದು ನೋಡಿದೆ. ಪೇಂಟಿಂಗ್ ಬರೆದಿದೆ. ನೋಟಿಸ್ ಎರಡು ತಿಂಗಳು ಅಂತಲೂ ಇದೆ. ಗೀಸರ್ ಬಗ್ಗೆ ಒಂದಕ್ಷರ ಇಲ್ಲ. ನೀರು ಬೋರ್‌ವೆಲ್‌ದೇ. ನಾವು ಸೇರುವಾಗಲೇ ಬಕೆಟ್ ತುಂಬಿದರೆ ಕೆಳಗೆ ಬಿಳಿ ಪುಡಿ ಕೂರುತ್ತಿತ್ತು, ಅದರ ಫೋಟೋ ಕೂಡ ಇದೆ, ಅಮ್ಮನಿಗೆ ಕಳಿಸಿದ್ದೆ.

ಇನ್ನೊಂದು ವಿಷಯ. ತಿಂಗಳಿಗೆ 600 ಕರೆಂಟ್ ಬಿಲ್ ಅಂತ ಕೊಡುತ್ತಿದ್ದೆವು. ಪಕ್ಕದ ಮನೆ ಆಂಟಿ ಈಗ ಹೇಳುತ್ತಿದ್ದಾರೆ, ಆ ಮೀಟರ್‌ಗೆ ಗೃಹಜ್ಯೋತಿ ಆಗಿ ಸೊನ್ನೆ ಬಿಲ್ ಬರುತ್ತಿತ್ತಂತೆ!

ನಾನೂ ಒಬ್ಬ ಓನರ್:

ಅದು ಸರಿಯಲ್ಲ. ಗೃಹಜ್ಯೋತಿ 2023ರಲ್ಲಿ ಬಂದಾಗಲೇ ಬಾಡಿಗೆದಾರರಿಗೂ ಇದೆ ಅಂತ ಸರ್ಕಾರ ಹೇಳಿದೆ. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ ಮಿತಿ ಇಡುತ್ತಾರೆ, ಹೆಚ್ಚೆಂದರೆ 200 ಯೂನಿಟ್. ಆ ಮಿತಿಯೊಳಗೆ ಬಂದರೆ ಬಿಲ್ ಸೊನ್ನೆ. ಕರೆಂಟ್ ಬಿಲ್ಲಿನ ಅಕೌಂಟ್ ಐಡಿ ಗೊತ್ತಿದ್ದರೆ ಹಳೆಯ ಬಿಲ್ ನೋಡಿಕೊಳ್ಳಿ. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದರೆ ಕಥೆ ಬೇರೆ, ಅದನ್ನು ಮೊದಲು ಖಚಿತ ಮಾಡಿಕೊಂಡು ಮಾತಾಡಿ.

ಕಾಲೇಜು ಆಫೀಸಿನವ:

ಕಾನೂನು ಆಯ್ತು, ದುಡ್ಡಿನ ವಿಷಯ ಯಾರೂ ಮುಟ್ಟಲಿಲ್ಲ. ಪದವಿ ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ ಟೇಬಲ್ ನನ್ನದು.

ಮೊದಲು ಪರೀಕ್ಷೆ ಫೀಸು. ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದು ಗಡುವು ಅಥವಾ ಕಂತು ಕೇಳಿ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಹಳ ಕಾಲೇಜುಗಳಲ್ಲಿ ಬಡ ವಿದ್ಯಾರ್ಥಿ ನಿಧಿ ಅಂತ ಒಂದು ಚಿಕ್ಕ ಗಂಟು ಇರುತ್ತದೆ. ಕೇಳಿದವರಿಗೆ ಮಾತ್ರ ಅದು ಇದೆ ಅಂತ ಗೊತ್ತಾಗೋದು.

ಹಿಂದುಳಿದ ವರ್ಗದವರಾದರೆ ವಿದ್ಯಾಸಿರಿಗೆ ಹಾಕಿದ್ದೀರಾ? ಇಲಾಖೆಯ ಹಾಸ್ಟೆಲ್‌ನಲ್ಲಿ ಇಲ್ಲದೆ ಹೊರಗೆ ರೂಮು ಮಾಡಿಕೊಂಡಿರುವವರ ಊಟ ಮತ್ತು ವಸತಿಗೇ ಇರುವ ಯೋಜನೆ ಅದು. ಶುರುವಾದಾಗಿನ ದರ ತಿಂಗಳಿಗೆ 1,500ರಂತೆ ವರ್ಷಕ್ಕೆ 10 ತಿಂಗಳು. ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟ್). ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು. ಅರ್ಧ ಜನರ ದುಡ್ಡು ನಿಲ್ಲೋದು ಈ ಜೋಡಣೆಯಲ್ಲೇ: ಖಾತೆಯಲ್ಲಿ ಆಧಾರ್ ನಂಬರ್ ಇದೆ ಅಂತಾರೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅನ್ನುವ ಜೋಡಣೆ) ಮಾತ್ರ ಹಳೆಯ ಯಾವುದೋ ಖಾತೆಗೆ ಆಗಿರುತ್ತದೆ. ಬ್ಯಾಂಕಿಗೆ ಹೋಗಿ ಅದನ್ನೇ ಹೆಸರು ಹಿಡಿದು ಕೇಳಿ. ಆದರೆ ಈ ದುಡ್ಡು ನಂಬಿಕೊಂಡು ಈ ತಿಂಗಳ ಪಿಜಿ ಬಾಡಿಗೆ ಮಾತು ಕೊಡಬೇಡಿ, ಬರುವಾಗ ಬರುತ್ತೆ.

ಶಿಕ್ಷಣ ಸಾಲ ಈಗಾಗಲೇ ಇದ್ದರೆ ಬ್ರಾಂಚಿನಲ್ಲಿ ವಿಚಾರಿಸಿ. ಹಾಸ್ಟೆಲ್ ಫೀಸಿನ ಜೊತೆ ಹೊರಗಿನ ವಸತಿ ಖರ್ಚನ್ನೂ ಒಂದು ಮಿತಿಯಲ್ಲಿ ಸೇರಿಸುತ್ತಾರೆ, ಪಿಜಿ ರಸೀದಿ ಕೇಳುತ್ತಾರೆ. ಲೋನ್ ಆ್ಯಪ್ ಮಾತ್ರ ಬೇಡವೇ ಬೇಡ. ಆ ಆ್ಯಪ್ ಹಿಂದೆ ಯಾವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಇದೆ ಅಂತ ಹೆಸರೇ ಹೇಳದ ಕಡೆ ಕಾಂಟ್ಯಾಕ್ಟ್ ಪರ್ಮಿಷನ್ ಕೊಟ್ಟರೆ, ಒಂದು ಕಂತು ತಪ್ಪಿದ ದಿನ ನಿಮ್ಮ ಮೇಷ್ಟ್ರಿಗೂ ಫೋನ್ ಹೋಗುತ್ತದೆ. ಕಣ್ಣಾರೆ ನೋಡಿದ್ದೇನೆ.

ಹಾಂ, ಹೊಸ ಪಿಜಿಯಲ್ಲಿ ಅಡ್ವಾನ್ಸ್‌ಗೆ ರಸೀದಿ ತೊಗೊಂಡ್ರಾ? ಊಟ, ಕ್ಲೀನಿಂಗ್ ಕೊಡುವ ಪಿಜಿ ಸೇವೆ ಕೊಡುತ್ತಿದೆ ಅಂತ ಗ್ರಾಹಕರ ಆಯೋಗದ ಮುಂದೆ ವಾದಿಸಲು ದಾರಿ ಇದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಆಯೋಗದಲ್ಲಿ ಶುಲ್ಕ ಇಲ್ಲ. ಬರೀ ಬಾಡಿಗೆ ಮನೆಗೆ ಆ ದಾರಿ ಸಲೀಸಲ್ಲ.

ಸಾಗರದ ಹುಡುಗಿ:

ಪಿಜಿ ರಸೀದಿ ಇವತ್ತೇ ಕೇಳಿ ತೊಗೊಂಡೆ, ಮುಖ ಸ್ವಲ್ಪ ಊದಿತು, ಕೊಟ್ಟರು. ನಾನು 2ಎ, ವಿದ್ಯಾಸಿರಿ ಹಾಕಿರಲಿಲ್ಲ, ವಿಚಾರಿಸುತ್ತೇನೆ.

ಪತ್ರ ಕಳಿಸಿದೆವು. ತಲುಪಿದ ಸಂಜೆಯೇ ಓನರ್ ಫೋನ್ ಮಾಡಿದರು! 'ಓದೋ ಮಕ್ಕಳು ನೀವು, ಇದೆಲ್ಲ ಯಾಕೆ' ಅಂತ ಶುರು ಮಾಡಿ, 40,000 ಈಗಲೇ ಕೊಡ್ತೀನಿ, ಬಂದು ಒಂದು ಕಾಗದಕ್ಕೆ ಸಹಿ ಹಾಕಿ ಹೋಗು ಅಂದರು. ನಾಳೆ ಹೋಗಬೇಕಾ?

ಟೈಪಿಂಗ್ ಅಕ್ಕ:

ನೋಡಿದ್ರಾ, ಪತ್ರಕ್ಕೆ ಕಾಲು ಬಂತು.

ದುಡ್ಡು ತೊಗೊಳ್ಳಿ, ಬೇಡ ಅನ್ನಬೇಡಿ. ಆದರೆ ಆ ಕಾಗದದಲ್ಲಿ 'ಪೂರ್ತಿ ಚುಕ್ತಾ ಆಗಿದೆ, ಇನ್ನು ಯಾವ ಬಾಕಿಯೂ ಇಲ್ಲ' ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದಕ್ಕೆ ಸಹಿ ಹಾಕಿದರೆ ಅವರೇ ಒಪ್ಪಿದ 13,000ವೂ ಹೋಯಿತು, ಗೀಸರ್ ದುಡ್ಡೂ ಹೋಯಿತು. ಅಲ್ಲಿಗೆ ಹೋಗುವುದೇ ಬೇಡ. ಖಾತೆಗೆ ಹಾಕಿ ಅನ್ನಿ. ಬಂದ ತಕ್ಷಣ ವಾಟ್ಸಾಪ್‌ನಲ್ಲಿ ಬರೆಯಿರಿ: '40,000 ಬಂದಿದೆ, 53,000ರ ಪೈಕಿ ಭಾಗಶಃ ಅಂತ ಜಮಾ ಮಾಡಿಕೊಂಡಿದ್ದೇವೆ, ಉಳಿದ 13,000 ಮತ್ತು ಗೀಸರ್ ಕಡಿತದ 7,000 ಬಾಕಿ.' ಕಾಗದ ಬೇಕೇ ಬೇಕು ಅಂದರೆ ಅದರ ಫೋಟೋ ಮೊದಲು ಕಳಿಸಲಿ, ಪ್ರಾಧಿಕಾರದಲ್ಲಿ ತೋರಿಸಿಕೊಂಡು ಬಂದು ಉತ್ತರ ಕೊಡಿ.

ಕರೆಂಟ್ ವಿಷಯ ಈಗಲೇ ಎತ್ತಬೇಡಿ. 40,000 ಒಳಗೆ ಬರಲಿ, ಅಷ್ಟರಲ್ಲಿ ಹಳೆಯ ಬಿಲ್ ಹುಡುಕಿ. ಯಾರ ಖಾತೆಗೆ ಹಾಕಬೇಕು ಅಂತ ಪುಣೆಯವಳ ಹತ್ತಿರ ಇವತ್ತು ರಾತ್ರಿಯೇ ಮಾತಾಡಿ, ಅವಳಿಂದ ಒಂದು ಮೆಸೇಜ್ ಹಾಕಿಸಿ. ಆಮೇಲೆ ನೀವಿಬ್ಬರು ಜಗಳಾಡಿಕೊಂಡು ನಮ್ಮ ಆಫೀಸಿಗೆ ಬರುವುದು ಬೇಡ.